ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ

"ಮಗು ಗುಂಡುಗುಂಡಗೆ ಚೆನ್ನಾಗಿದೆ ಡಾಕ್ಟ್ರೇ. ಆರು ವಾರದ ಇಂಜೆಕ್ಷನ್‌ ಹಾಕಿಸೋಕೆ ಕರಕೊಂಡು ಹೋದ್ರೆ, ಎದೆಗೆ ಸ್ಟೆತಸ್ಕೋಪ್‌ ಇಟ್ಟು, ಏನೋ ಶಬ್ದ ಕೇಳಿಸ್ತಿದೆ, ಎಕೋ ಮಾಡಿಸಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಹುಟ್ಟಿದಾಗ ಇಲ್ಲದ ಶಬ್ದ ಈಗೆಲ್ಲಿಂದ ಬಂತು? ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ ಅಂತ ಅಂದುಕೊಂಡಿದ್ದೀನಿ."

ಹೀಗೆಂದವರು ಬೆಂಗಳೂರಿನ ಗಿರಿನಗರದ ನಿವೃತ್ತ ಹೈಸ್ಕೂಲು ಮೇಷ್ಟ್ರು. ಮೊಮ್ಮಗಳ ಮೇಲಿನ ಅಕ್ಕರೆ, ಆಸ್ಪತ್ರೆ ಬಿಲ್ಲಿನ ಮೇಲಿನ ಗುಮಾನಿ ಎರಡೂ ಆ ಮಾತಿನಲ್ಲಿದ್ದವು. ಕೇಳಿಸಿಕೊಂಡವರು ಸೀತಾ ಸರ್ಕಲ್‌ ಹತ್ತಿರ ಅವರದೇ ಬೀದಿಯಲ್ಲಿರುವ ನಿವೃತ್ತ ಮಕ್ಕಳ ವೈದ್ಯೆ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲೇ ಸರ್ವೀಸು ಮುಗಿಸಿದವರು; ಮೆತ್ತಗೆ ಮಾತಾಡುವ ಅಭ್ಯಾಸವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

"ಶಬ್ದ ಈಗ ಬಂದಿದ್ದೇ ಸರಿ ಮೇಷ್ಟ್ರೇ. ಹೊಟ್ಟೇಲಿರೋವಾಗ ಮಗುವಿನ ಶ್ವಾಸಕೋಶಕ್ಕೆ ಕೆಲಸ ಇಲ್ಲ, ಅಲ್ಲಿನ ರಕ್ತನಾಳ ಬಿಗಿಯಾಗಿರುತ್ತೆ. ಹುಟ್ಟಿದ ಮೇಲೆ ವಾರದಿಂದ ವಾರಕ್ಕೆ ಸಡಿಲ ಆಗ್ತಾ ಹೋಗುತ್ತೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೇಲಿ ತೂತಿದ್ರೂ, ಮೊದಲ ದಿನಗಳಲ್ಲಿ ಎರಡೂ ಕಡೆ ಒತ್ತಡ ಹೆಚ್ಚುಕಮ್ಮಿ ಒಂದೇ. ರಕ್ತ ನುಗ್ಗಲ್ಲ, ಸದ್ದೂ ಇಲ್ಲ. ಬಲಗಡೆ ಒತ್ತಡ ಇಳಿದ ಮೇಲೆ ಎಡಗಡೆಯಿಂದ ನುಗ್ಗೋಕೆ ಶುರುವಾಗುತ್ತೆ. ಇಂಜೆಕ್ಷನ್‌ ದಿನ ಎದೆಗೂ ಕಿವಿಗೊಟ್ಟ ಡಾಕ್ಟ್ರು ಸಿಕ್ಕಿದ್ದು ನಿಮ್ಮ ಪುಣ್ಯ. ಎಷ್ಟೋ ಕಡೆ ತೊಡೆಗೆ ಚುಚ್ಚಿ ಮುಂದಿನವರನ್ನ ಕರೀತಾರೆ."

"ಹಾಗಾದ್ರೆ ತೂತು ಇದೆ ಅಂತಲೇ?" ಮೇಷ್ಟ್ರ ದನಿ ಕುಗ್ಗಿತು.

"ಹಾಗಂತ ನಾನೆಲ್ಲಿ ಹೇಳ್ದೆ? ಮಕ್ಕಳ ಎದೇಲಿ ಕೇಳೋ ಶಬ್ದಗಳಲ್ಲಿ ಬಹುಪಾಲು ಏನೂ ದೋಷ ಇಲ್ಲದ ಹೃದಯದ್ದೇ. ಜ್ವರ ಬಂದಾಗ, ರಕ್ತ ಕಮ್ಮಿ ಇದ್ದಾಗ ಕೇಳುತ್ತೆ, ಆಮೇಲೆ ತಾನಾಗೇ ಹೋಗುತ್ತೆ. ಇನ್ನೊಂದು ವಿಚಿತ್ರ ಇದೆ. ಸದ್ದು ಜೋರಾಗಿದ್ದ ಮಾತ್ರಕ್ಕೆ ತೂತು ದೊಡ್ಡದು ಅಂತಲ್ಲ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ರೆ ಸುಯ್ಯ್‌ ಅನ್ನುತ್ತಲ್ಲ, ಹಾಗೆ. ಸಣ್ಣ ತೂತು ಗಲಾಟೆ ಮಾಡುತ್ತೆ. ದೊಡ್ಡದು ಸದ್ದಿಲ್ಲದೆ ಮಗೂನ ಸೊರಗಿಸುತ್ತೆ."

"ಎಲ್ಲಾ ಕಿವಿ ಮೇಲೇ ನಿಂತಿದೆ ಅನ್ನಿ. ಕಿವಿ ಮಂದ ಆದ ಡಾಕ್ಟ್ರ ಗತಿ?"

ಮೇಷ್ಟ್ರು ತಮಾಷೆಗೆ ಕೇಳಿದ್ದಕ್ಕೆ ವೈದ್ಯೆ ಗಂಭೀರವಾಗಿಯೇ ಉತ್ತರಿಸಿದರು. ಮಕ್ಕಳ ಹೃದಯ ಚಿಕಿತ್ಸೆಗೆ ದಾರಿ ಮಾಡಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹೆಲೆನ್‌ ಟಾಸಿಗ್‌ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್‌ ಹಾಪ್ಕಿನ್ಸ್‌ ಆಸ್ಪತ್ರೆಯಲ್ಲಿ ಆಕೆ ಮಕ್ಕಳ ಎದೆಯ ಮೇಲೆ ಬೆರಳಿಟ್ಟು, ಒಳಗಿನ ಅದುರುವಿಕೆಯಿಂದಲೇ ದೋಷವನ್ನು ಅಂದಾಜು ಮಾಡುತ್ತಿದ್ದರು. ಮೈ ನೀಲಿಗಟ್ಟುವ ಮಕ್ಕಳಿಗೆ ಶ್ವಾಸಕೋಶದ ಕಡೆ ಹರಿಯುವ ರಕ್ತ ಸಾಲದು, ಅದನ್ನು ಹೆಚ್ಚಿಸಿದರೆ ಮಗು ಉಳಿಯುತ್ತದೆ ಎಂಬ ಯೋಚನೆ ಆಕೆಯದು. ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಆ ಶಸ್ತ್ರಚಿಕಿತ್ಸೆಯನ್ನು ಪಳಗಿಸಿದವರು ವಿವಿಯನ್‌ ಥಾಮಸ್‌, ಕಾಲೇಜಿನ ಮೆಟ್ಟಿಲು ಹತ್ತದ ಕಪ್ಪುವರ್ಣೀಯ ಸಹಾಯಕ. 1944ರ ನವೆಂಬರ್‌ 29ರಂದು ಸರ್ಜನ್‌ ಆಲ್ಫ್ರೆಡ್‌ ಬ್ಲಾಲಾಕ್‌ ಒಂದು ಪುಟ್ಟ ಹೆಣ್ಣುಮಗುವಿಗೆ ಅದನ್ನು ಮಾಡುವಾಗ ಥಾಮಸ್‌ ಆ ಸರ್ಜನ್ನರ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆ ಹೇಗೆ ಹಾಕಬೇಕೆಂದು ಹೇಳಿಕೊಡುತ್ತಿದ್ದರು. ಕೈಗೆ ಹೋಗುವ ಒಂದು ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವ ಈ ಉಪಾಯ, ರೂಪ ಬದಲಿಸಿಕೊಂಡು ಇಂದಿಗೂ ಬಳಕೆಯಲ್ಲಿದೆ.

"ಇರಲಿ," ವೈದ್ಯೆ ಮತ್ತೆ ಮೊಮ್ಮಗಳ ವಿಷಯಕ್ಕೆ ಬಂದರು. "ಮಗು ಹಾಲು ಕುಡಿಯೋದನ್ನ ನೋಡಿದ್ದೀರಾ?"

"ಅದು ಹೆಂಗಸರ ವಿಷಯ ಅಲ್ವೇ?"

"ಅದನ್ನೇ ನೋಡಬೇಕು. ಎಳೆಮಗುವಿಗೆ ಹಾಲು ಕುಡಿಯೋದೇ ದೊಡ್ಡ ಕೆಲಸ, ನಮಗೆ ಬೆಟ್ಟ ಹತ್ತೋಷ್ಟು. ಹೃದಯ ಸೋತಿರೋ ಮಗು ನಾಲ್ಕು ಗುಟುಕು ಎಳೆಯುತ್ತೆ, ಬಿಡುತ್ತೆ, ಏದುಸಿರು ಬಿಡುತ್ತೆ, ಮತ್ತೆ ಎಳೆಯುತ್ತೆ. ಹಣೆ ಮೇಲೆ ಬೆವರು ಮೂಡುತ್ತೆ. ಹೊಟ್ಟೆ ತುಂಬೋ ಮುಂಚೆ ಸುಸ್ತಾಗಿ ನಿದ್ದೆ, ಅರ್ಧ ಗಂಟೇಲಿ ಹಸಿವಿಗೆ ಎದ್ದು ಅಳು. ತಾಯಿ ದಿನವಿಡೀ ಹಾಲು ಕುಡಿಸ್ತಾನೇ ಇರ್ತಾಳೆ, ತೂಕ ಮಾತ್ರ ಏರಲ್ಲ. ಪಕ್ಕೆ ಒಳಗೆ ಸೆಳೆಯೋದು, ತಿಂಗಳು ತಿಂಗಳೂ ನ್ಯುಮೋನಿಯಾ ಅಂತ ಆಸ್ಪತ್ರೆ ಸೇರೋದು, ಇವೂ ಅದೇ ದಾರಿ."

ಬಾಣಂತನದ ಕೋಣೆಯನ್ನು ಬಲ್ಲವರಿಗೆ ಇಲ್ಲಿರುವ ತೊಡಕು ಗೊತ್ತಾಗುತ್ತದೆ. ಗಾಳಿ ಆಡಬಾರದೆಂದು ಕಿಟಕಿ ಮುಚ್ಚಿರುತ್ತದೆ, ಸಾಂಬ್ರಾಣಿ ಹೊಗೆ ಆಡುತ್ತಿರುತ್ತದೆ, ಮಗುವಿಗೆ ಕುಲಾವಿ, ಸ್ವೆಟರ್‌, ಮೇಲೆ ಎರಡು ಸುತ್ತು ಬಟ್ಟೆ. ಹಣೆ ಬೆವರಿದರೆ ಸೆಖೆ ಎನ್ನುತ್ತಾರೆ. ಅತ್ತು ಅತ್ತು ತುಟಿ ಕಪ್ಪಿಟ್ಟರೆ ಆ ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಕಂಡರೂ ದೃಷ್ಟಿ ತೆಗೆದು ನೀವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ತಾಯಿ ತವರಿನಲ್ಲಿ, ಹೆರಿಗೆ ಮಾಡಿಸಿದ ಡಾಕ್ಟರು ಇನ್ನೊಂದು ಊರಿನಲ್ಲಿ. ಬಾಣಂತನ ಕೆಟ್ಟದ್ದೆಂದು ಇದರರ್ಥವಲ್ಲ, ತಾಯಿಗೆ ಅದರಷ್ಟು ವಿಶ್ರಾಂತಿ ಬೇರೆಲ್ಲೂ ಸಿಗದು. ಹಗಲಿನಲ್ಲಿ ಒಮ್ಮೆ ಕಿಟಕಿ ತೆಗೆದು, ಕುಲಾವಿ ಬಿಚ್ಚಿ, ಮಗುವಿನ ನಾಲಿಗೆಯ ಬಣ್ಣ ನೋಡಿದರೆ ಸಾಕು. ಕೈಕಾಲು ತಣ್ಣಗಾಗಿ ನೀಲಿಯಾಗುವುದು ಎಷ್ಟೋ ಮಕ್ಕಳಲ್ಲಿ ಮಾಮೂಲು, ನಾಲಿಗೆ ನೀಲಿಯಾಗುವುದು ಮಾಮೂಲಲ್ಲ.

"ಸ್ಕ್ಯಾನಿಂಗಲ್ಲಿ ಗೊತ್ತಾಗಬೇಕಿತ್ತಲ್ಲ? ಐದು ತಿಂಗಳಿಗೆ ಮಾಡಿಸಿದ್ವಿ, ನಾರ್ಮಲ್‌ ಅಂದಿದ್ರು," ಎಂದರು ಮೇಷ್ಟ್ರು.

"18ರಿಂದ 22 ವಾರದ ಒಳಗೆ ಮಾಡೋ ಸ್ಕ್ಯಾನಲ್ಲಿ ದೊಡ್ಡ ದೋಷಗಳು ಸಿಗಬಹುದು. ಅನುಮಾನ ಬಂದ್ರೆ ಹೊಟ್ಟೇಲಿರೋ ಮಗುವಿಗೇ ಎಕೋ ಮಾಡ್ತಾರೆ. ಆದ್ರೆ ಎಲ್ಲಾ ಸಿಗಲ್ಲ, ಸಣ್ಣ ತೂತುಗಳಂತೂ ಸಿಗೋದೇ ಇಲ್ಲ ಅನ್ನಿ. ನಿಜವಾಗಿ ಭಯ ಇರೋದು ಹುಟ್ಟಿದ ಮೊದಲ ವಾರದಲ್ಲಿ. ಹೊಟ್ಟೇಲಿದ್ದಾಗ ಶ್ವಾಸಕೋಶ ತಪ್ಪಿಸಿ ರಕ್ತ ಸಾಗಿಸೋಕೆ ಒಂದು ಅಡ್ಡನಾಳ ಇರುತ್ತೆ, ಹುಟ್ಟಿದ ಎರಡು ಮೂರು ದಿನಕ್ಕೆ ಅದು ಮುಚ್ಚಿಕೊಳ್ಳುತ್ತೆ. ಕೆಲವು ಮಕ್ಕಳ ಹೃದಯದಲ್ಲಿ ಮುಖ್ಯ ದಾರೀನೇ ಕಟ್ಟಿರುತ್ತೆ, ಅವರು ಬದುಕಿರೋದು ಆ ಅಡ್ಡನಾಳದಿಂದ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರೋವಾಗ ಚೆನ್ನಾಗಿರೋ ಮಗು, ನಾಮಕರಣದ ಹೊತ್ತಿಗೆ ಹಾಲು ಬಿಟ್ಟು, ಬೂದಿ ಬಣ್ಣಕ್ಕೆ ತಿರುಗಿ, ಎಮರ್ಜೆನ್ಸಿಗೆ ಬರುತ್ತೆ. ನಂಜು ಅಂತ ಇಂಜೆಕ್ಷನ್‌ ಕೊಟ್ಕೊಂಡು ಕೂತ್ರೆ ಕಾಲ ಮೀರಿಹೋಗುತ್ತೆ."

"ಅದಕ್ಕೇನಿದೆ ಮದ್ದು?"

"ಪ್ರೋಸ್ಟಗ್ಲ್ಯಾಂಡಿನ್‌ ಅಂತ. ಫ್ರಿಜ್ಜಲ್ಲಿ ಇಡಬೇಕಾದ ಔಷಧಿ, ಡ್ರಿಪ್ಪಲ್ಲಿ ಸಣ್ಣಗೆ ಬಿಡ್ತಾ ಇದ್ರೆ ಮುಚ್ಚುತ್ತಿರೋ ನಾಳ ಮತ್ತೆ ತೆರೆಯುತ್ತೆ. ಕೆಲವು ಮಕ್ಕಳಿಗೆ ಉಸಿರು ನಿಂತು ನಿಂತು ಬರೋದುಂಟು, ಅದಕ್ಕೇ ಆಂಬುಲೆನ್ಸಲ್ಲಿ ಗೊತ್ತಿರೋರು ಜೊತೇಲಿರಬೇಕು. ಅದು ರೋಗ ವಾಸಿ ಮಾಡಲ್ಲ, ಆಪರೇಷನ್‌ ಟೇಬಲ್‌ವರೆಗೆ ಮಗೂನ ತಲುಪಿಸುತ್ತೆ."

ಇಂಥ ಮಕ್ಕಳನ್ನು ಮನೆಗೆ ಕಳಿಸುವ ಮೊದಲೇ ಹಿಡಿಯುವ ಒಂದು ಸರಳ ಪರೀಕ್ಷೆ ಇದೆ. ಕೋವಿಡ್‌ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರಿನ ತತ್ವವೇ ಅದರದ್ದೂ. ಕ್ಲಿಪ್ಪಿನ ಬದಲು ಎಳೆಮಗುವಿಗೆಂದೇ ಮಾಡಿದ, ಬ್ಯಾಂಡೇಜಿನಂತೆ ಸುತ್ತುವ ಪಟ್ಟಿ ಇರುತ್ತದೆ. ಹುಟ್ಟಿ 24 ಗಂಟೆ ಕಳೆದ ಮೇಲೆ ಮಗುವಿನ ಬಲ ಅಂಗೈಗೆ ಒಮ್ಮೆ, ಒಂದು ಪಾದಕ್ಕೆ ಒಮ್ಮೆ ಸುತ್ತುತ್ತಾರೆ. ಕೆಂಪು ಬೆಳಕು ತೆಳು ಚರ್ಮದಲ್ಲಿ ಹಾದು ಆ ಬದಿಗೆ ಕಾಣುತ್ತದೆ, ಮಗು ಒದ್ದಾಡದೆ ಇದ್ದರೆ ಅಂಕಿ ನಿಲ್ಲುತ್ತದೆ. 95 ಅಥವಾ ಹೆಚ್ಚು ಇದ್ದು, ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸರಿ. 90ಕ್ಕಿಂತ ಕಡಿಮೆ ಬಂದರೆ ತಕ್ಷಣ ಎಕೋ. ನಡುವಿನದಾದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಅಮೆರಿಕ 2011ರಲ್ಲಿ ಇದನ್ನು ನವಜಾತ ಶಿಶುಗಳ ಪರೀಕ್ಷೆಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಇದರಲ್ಲಿ ತಪ್ಪಿಸಿಕೊಳ್ಳುವ ದೋಷಗಳೂ ಇವೆ. ಮಹಾಪಧಮನಿ ಒಂದು ಕಡೆ ಕಿರಿದಾಗಿದ್ದರೆ ಅಂಕಿ ಚೆನ್ನಾಗಿಯೇ ಬರಬಹುದು. ಆದ್ದರಿಂದ ತೊಡೆಸಂದಿಯ ನಾಡಿಯನ್ನೂ ಬೆರಳಿಟ್ಟು ನೋಡುವ ವೈದ್ಯರು ಬೇಕು.

"ಈ ಎಕೋ ಅಂದ್ರೆ ಕರೆಂಟು ಕಿರೆಂಟು ಇಡ್ತಾರಾ?"

"ಕರೆಂಟೂ ಇಲ್ಲ, ಎಕ್ಸ್‌ರೇನೂ ಇಲ್ಲ. ಹೊಟ್ಟೆ ಸ್ಕ್ಯಾನಿಂಗ್‌ ಥರವೇ, ಶಬ್ದದ ಅಲೆ. ಎದೆಗೆ ಜೆಲ್‌ ಹಚ್ಚಿ ಸಣ್ಣ ಪ್ರೋಬ್‌ ಓಡಿಸ್ತಾರೆ. ಮಗು ಅಲ್ಲಾಡಬಾರದು, ಅದಕ್ಕೇ ಹಾಲು ಕುಡಿಸಿ ಮಲಗಿಸಿ ಕರಕೊಂಡು ಬನ್ನಿ ಅಂತಾರೆ, ಕೆಲವು ಸಲ ನಿದ್ದೆ ಸಿರಪ್‌ ಕೊಡ್ತಾರೆ. ಪರದೆ ಮೇಲೆ ಕೆಂಪು ನೀಲಿ ಬಣ್ಣ ನೋಡಿ ನೀವು ಗಾಬರಿ ಆಗಬೇಡಿ. ನೀಲಿ ಅಂದ್ರೆ ಕೆಟ್ಟ ರಕ್ತ ಅಲ್ಲ. ಪ್ರೋಬಿನ ಕಡೆ ಬರೋ ರಕ್ತ ಕೆಂಪಗೆ, ದೂರ ಹೋಗೋದು ನೀಲಿಯಾಗಿ ಕಾಣೋ ಹಾಗೆ ಮೆಷಿನ್ನಿಗೆ ಹೇಳಿಟ್ಟಿರ್ತಾರೆ ಅಷ್ಟೆ. ಗೋಡೇಲಿ ತೂತಿದ್ರೆ ಅಲ್ಲಿ ಬಣ್ಣ ಚೆಲ್ಲಾಪಿಲ್ಲಿ ಆಗಿ ಹಾಯುತ್ತೆ. ತೂತು ಎಷ್ಟು ಮಿಲಿಮೀಟರು, ಎಲ್ಲಿದೆ, ಶ್ವಾಸಕೋಶದ ಒತ್ತಡ ಎಷ್ಟು ಏರಿದೆ, ಎಲ್ಲಾ ಅಲ್ಲೇ ಅಳೀತಾರೆ."

ಮೇಷ್ಟ್ರು ತಮ್ಮ ವಾದ ಬಿಡಲಿಲ್ಲ. ಎಕೋ ಆಯಿತು, ತೂತು ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಮಗುವಿಗೆ ಮೈಯಲ್ಲಿ ಶಕ್ತಿ ಬಂದ ಮೇಲಲ್ಲವೇ ಕತ್ತಿ ಇಡಬೇಕು?

ವೈದ್ಯೆ ಕಾದಿದ್ದುದು ಈ ಮಾತಿಗೇ. "ನಿಮ್ಮ ಮಾತನ್ನೇ ಎಕೋ ಮಾಡಿದವರೂ ಹೇಳಬಹುದು ಮೇಷ್ಟ್ರೇ. ಮಾಂಸದ ಗೋಡೇಲಿರೋ ಸಣ್ಣ ತೂತುಗಳಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಮೇಲಿನ ಕೋಣೆಗಳ ನಡುವಿನ ತೂತಿಗೆ ಎರಡರಿಂದ ನಾಲ್ಕು ವರ್ಷದ ತನಕ ಸಾಮಾನ್ಯವಾಗಿ ಕಾಯ್ತಾರೆ. ಅಲ್ಲಿ ಕಾಯೋದೇ ಚಿಕಿತ್ಸೆ. ಆದ್ರೆ ಕೆಳಗಿನ ಕೋಣೇಲಿ ದೊಡ್ಡ ತೂತಿದ್ರೆ ಮಗುವಿಗೆ ಶಕ್ತಿ ಬರೋದೇ ತೂತು ಮುಚ್ಚಿದ ಮೇಲೆ, ಮೂರರಿಂದ ಆರು ತಿಂಗಳಲ್ಲಿ ಆಪರೇಷನ್‌ ಆಗಬೇಕು. ಕಾಯ್ತಾ ಕೂತ್ರೆ ಶ್ವಾಸಕೋಶದ ನಾಳಗಳು ಗಟ್ಟಿಯಾಗಿ, ರಕ್ತ ಉಲ್ಟಾ ಹರಿಯೋಕೆ ಶುರುವಾಗುತ್ತೆ. ಐಸೆನ್‌ಮೆಂಗರ್‌ ಅಂತಾರೆ. ಆಮೇಲೆ ಯಾವ ಸರ್ಜನ್ನೂ ಆ ತೂತು ಮುಟ್ಟಲ್ಲ, ಮುಚ್ಚಿದ್ರೆ ಮಗು ಉಳಿಯಲ್ಲ. ಇನ್ನು ಎರಡು ಮುಖ್ಯ ರಕ್ತನಾಳ ಅದಲುಬದಲಾಗಿ ಹುಟ್ಟೋ ಮಗುವಿಗೆ ಕಾಲಾವಕಾಶ ಇರೋದು ವಾರಗಳ ಲೆಕ್ಕದಲ್ಲಿ. ಅದನ್ನ ಸ್ವಸ್ಥಾನಕ್ಕೆ ಹೊಲಿಯೋ ಆಪರೇಷನ್ನು ಬ್ರೆಜಿಲ್‌ನ ಜಟೇನೆ 1975ರಲ್ಲಿ ಮಾಡಿ ತೋರಿಸಿದ್ರು. ಒಂದೆರಡು ಮಿಲಿಮೀಟರ್‌ ದಪ್ಪದ ನಾಳ, ಕೂದಲಿಗಿಂತ ತೆಳು ದಾರ. ನಿಮ್ಮ ಮೊಮ್ಮಗಳದ್ದು ಇದರಲ್ಲಿ ಯಾವುದು, ಅಥವಾ ಯಾವುದೂ ಅಲ್ವೋ, ಇಲ್ಲಿ ಕಾಫಿ ಕುಡೀತಾ ನಾನು ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ ಹಳೆಯ ವಿದ್ಯಾರ್ಥಿಯನ್ನು ನೆನೆಸಿಕೊಂಡರು. ಡ್ರಿಲ್‌ ಪೀರಿಯಡ್ಡಿನಲ್ಲಿ ನಾಲ್ಕು ಹೆಜ್ಜೆ ಓಡಿದರೆ ಆ ಹುಡುಗ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಬೆರಳ ತುದಿ ಊದಿ, ಉಗುರು ದುಂಡಗಾಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗೆ ಕೂತರೆ ಅವನಿಗೆ ಆರಾಮ ಅನ್ನಿಸುತ್ತಿತ್ತು.

"ಫ್ಯಾಲೋ ದೋಷ. ನಾಲ್ಕು ತೊಂದರೆ ಒಟ್ಟಿಗೆ," ಎಂದರು ವೈದ್ಯೆ. "ಕುಕ್ಕರಗಾಲಲ್ಲಿ ಕೂತ್ರೆ ಕಾಲಿನ ನಾಳ ಒತ್ತಿ ಶ್ವಾಸಕೋಶಕ್ಕೆ ರಕ್ತ ಸ್ವಲ್ಪ ಹೆಚ್ಚು ಹೋಗುತ್ತೆ. ಎಳೆಮಗು ಅತ್ತು ನೀಲಿಗಟ್ಟಿದಾಗ ನಾವೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡೀತೀವಿ, ಅದೇ ಉಪಾಯ. ಈಗ ಅಂಥ ಮಗುವಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಆಪರೇಷನ್‌ ಮಾಡ್ತಾರೆ, ಡ್ರಿಲ್‌ ಪೀರಿಯಡ್‌ ತನಕ ಬರೋ ಹಾಗಿಲ್ಲ. ಆದ್ರೂ ಬರ್ತಾವೆ. ಅದಕ್ಕೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿದ್ದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಡಾಕ್ಟ್ರ ತಂಡ ಹೋಗುತ್ತೆ. 18 ವರ್ಷದ ತನಕ ಪರೀಕ್ಷೆ, ಸಿಕ್ಕ ದೋಷಕ್ಕೆ ಚಿಕಿತ್ಸೆ ಎರಡೂ ಪುಕ್ಕಟೆ."

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟೊಂಬತ್ತು ಮಕ್ಕಳಿಗೆ ಒಂದಲ್ಲ ಒಂದು ಹೃದಯದೋಷ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಎಂಬುದು ತಜ್ಞರ ಅಂದಾಜು. ಅದರಲ್ಲಿ ಐದರಲ್ಲೊಂದು ಮಗುವಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆ ಆಗಲೇಬೇಕು.

"ಮನೇಲಿ ನಮ್ಮಾಕೆ ಒಂದೇ ಸಮ. ಗ್ರಹಣದ ದಿನ ಸೊಸೆ ಹೊರಗೆ ಬಂದಿದ್ದೇ ಕಾರಣ ಅಂತ."

"ಆ ಮಾತು ಇವತ್ತೇ ನಿಲ್ಲಿಸಿ," ವೈದ್ಯೆಯ ದನಿ ಏರಿತು. "ಹೃದಯ ರೂಪ ತಾಳೋದು ಬಸಿರಿನ ಮೊದಲ ಎರಡು ತಿಂಗಳಲ್ಲಿ. ಆಗ ಸೂರ್ಯಚಂದ್ರರ ಪಾತ್ರ ಏನೂ ಇಲ್ಲ. ಬಹುಪಾಲು ಮಕ್ಕಳಲ್ಲಿ ಒಂದೇ ಕಾರಣ ಅಂತ ಬೆಟ್ಟು ಮಾಡಿ ತೋರಿಸೋಕಾಗಲ್ಲ. ಗೊತ್ತಿರೋ ಕೆಲವು ಕಾರಣಗಳಿವೆ, ಅವನ್ನ ಯಾರೂ ಮಾತಾಡಲ್ಲ. ಸೋದರಮಾವನಿಗೆ ಕೊಡೋದು, ಅತ್ತೆ ಮಗನಿಗೆ ಕೊಡೋದು. ಮೈಸೂರಿನ ಸಂಶೋಧಕರು 2006ರಲ್ಲೇ ರಕ್ತಸಂಬಂಧದ ಮದುವೆಯಿಂದ ಹೃದಯದೋಷ ಹೆಚ್ಚುತ್ತೆ ಅಂತ ಅಧ್ಯಯನ ಪ್ರಕಟಿಸಿದ್ರು. ಬಸಿರಿಗೆ ಮುಂಚೆಯೇ ಇರೋ ಸಕ್ಕರೆ ಕಾಯಿಲೆ ಇನ್ನೊಂದು. ಬಸಿರಿನ ಶುರುವಲ್ಲಿ ರುಬೆಲ್ಲ ಬಂದ್ರೆ ಮಗುವಿಗೆ ಹೃದಯ, ಕಣ್ಣು, ಕಿವಿ ಮೂರಕ್ಕೂ ಕುತ್ತು. ದಡಾರ-ರುಬೆಲ್ಲ ಲಸಿಕೆ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗ ಲಸಿಕೆಗೆ ಹೆದರಿ ಎಷ್ಟು ಜನ ಅಪ್ಪಅಮ್ಮ ಮಕ್ಕಳನ್ನ ಶಾಲೆಗೆ ಕಳಿಸದೆ ಬಚ್ಚಿಟ್ಟರು, ಕೇಳಿ."

ಮೇಷ್ಟ್ರು ಕೊನೆಗೆ ನಿಜವಾದ ಚಿಂತೆಯನ್ನು ಹೊರಗೆ ಹಾಕಿದರು. ಹೆಣ್ಣುಮಗು. ಎದೆಯ ನಡುವೆ ಉದ್ದಕ್ಕೆ ಗಾಯದ ಗುರುತು. ಮುಂದೆ ಮದುವೆ?

ಇದು ಗಿರಿನಗರದ ಒಂದು ಮನೆಯ ಚಿಂತೆ ಮಾತ್ರವಲ್ಲ. ದೆಹಲಿಯ ಏಮ್ಸ್‌ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಶಸ್ತ್ರಚಿಕಿತ್ಸೆ ಬೇಕೆಂದು ಸೂಚಿಸಿದ ಮಕ್ಕಳ ಪೈಕಿ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಅದು ಆಗಿತ್ತು. ಹೆಣ್ಣುಮಕ್ಕಳಲ್ಲಿ 44 ಮಂದಿಗೆ ಮಾತ್ರ. ದೋಷ ಒಂದೇ, ಆಸ್ಪತ್ರೆ ಒಂದೇ.

"ಗುರುತು ಬೇಡ ಅನ್ನೋರಿಗೆ ಈಗ ಎಷ್ಟೋ ತೂತುಗಳನ್ನ ತೊಡೆಯ ನಾಳದಿಂದಲೇ ಮುಚ್ಚುತ್ತಾರೆ," ಎಂದು ವೈದ್ಯೆ ಸಮಾಧಾನಕ್ಕೆ ಬಂದರು. "ನಿಟಿನಾಲ್‌ ಅನ್ನೋ ಲೋಹದ ಸಣ್ಣ ಬಲೆ. ಕೊಳವೆಯೊಳಗೆ ಮುದುಡಿಕೊಂಡು ಹೋಗಿ, ತೂತಿನ ಎರಡೂ ಬದಿ ಬಿಚ್ಚಿಕೊಂಡು ಕೂರುತ್ತೆ. ಒಂದೆರಡು ದಿನಕ್ಕೆ ಮನೆ. ಎಲ್ಲಾ ತೂತಿಗೂ ಆಗಲ್ಲ, ಅಂಚು ಸಾಕಷ್ಟಿರಬೇಕು. ಎದೆ ತೆರೆದೇ ಮಾಡಿದ್ರೂ ಗಾಯ ಮಾಗುತ್ತೆ, ಹುಡುಗಿ ಓದ್ತಾಳೆ, ಓಡ್ತಾಳೆ, ಮಕ್ಕಳನ್ನ ಹೆರ್ತಾಳೆ. ಮುಚ್ಚದೆ ಬಿಟ್ಟ ದೊಡ್ಡ ತೂತಿನ ಹುಡುಗಿಗೆ ಬಸಿರೇ ಪ್ರಾಣಕ್ಕೆ ಅಪಾಯ. ಗಂಡಿನ ಕಡೆಯವರ ಮುಂದೆ ಯಾವುದನ್ನ ಮುಚ್ಚಿಡ್ತೀರಿ?"

ಬೆಂಗಳೂರಿನ ದಕ್ಷಿಣದಲ್ಲಿರುವವರಿಗೆ ಹೃದಯದ ಆಸ್ಪತ್ರೆ ದೂರವೆಂಬ ನೆಪ ಹೇಳಲು ಬಾಯಿಲ್ಲ. ಗಿರಿನಗರದಿಂದ ಬನಶಂಕರಿಗೆ ಆಟೋ, ಅಲ್ಲಿಂದ ಮೆಟ್ರೋದಲ್ಲಿ ಆರ್‌.ವಿ. ರೋಡ್‌, 2025ರ ಆಗಸ್ಟಿನಲ್ಲಿ ಓಡತೊಡಗಿದ ಹಳದಿ ಮಾರ್ಗ ಹತ್ತಿದರೆ ಎರಡನೇ ನಿಲ್ದಾಣವೇ ಜಯದೇವ ಆಸ್ಪತ್ರೆ. ಅದೇ ಮಾರ್ಗದ ಕೊನೆಗೆ ಬೊಮ್ಮಸಂದ್ರ, ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯದ ಊರು. 2003ರ ಜುಲೈನಲ್ಲಿ ದೆಹಲಿ-ಲಾಹೋರ್‌ ಬಸ್ಸು ಮತ್ತೆ ಶುರುವಾದಾಗ ಅದರಲ್ಲಿ ಪಾಕಿಸ್ತಾನದಿಂದ ಬಂದ ಪುಟ್ಟ ಹೆಣ್ಣುಮಗುವಿನ ಹೃದಯದ ತೂತುಗಳನ್ನು ಮುಚ್ಚಿದ್ದು ಇಲ್ಲೇ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಬಿಲ್ಲೇ ಇಲ್ಲದೆ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಜಯದೇವದ ಶಾಖೆಗಳು ಮೈಸೂರು, ಕಲಬುರಗಿಯಲ್ಲಿಯೂ ಇವೆ. ಲಾಹೋರಿನ ಮಗು ಗಡಿ ದಾಟಿ ಬಂದ ಊರಿನಲ್ಲಿ, ಆಟೋ ದೂರದ ಮಗು ಮೂರು ವರ್ಷ ತಡವಾಗಿ ಬರುವುದುಂಟು.

ಖರ್ಚಿನ ವಿಷಯ ಬಂದಾಗ ವೈದ್ಯೆ ಉದ್ದ ಎಳೆಯಲಿಲ್ಲ. ಬಿಪಿಎಲ್‌ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್‌ ಭಾರತ್‌-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್‌ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್‌ ಚೀಟಿ ಮೊದಲೇ ಮಾಡಿಸಿಕೊಂಡರೆ ಕೌಂಟರಿನಿಂದ ಕೌಂಟರಿಗೆ ಅಲೆಯುವುದು ತಪ್ಪುತ್ತದೆ. ಮೇಷ್ಟ್ರು ಆ ಅಂಕಿಗಳನ್ನು ಡಾಕ್ಟರ ಚೀಟಿಯ ಹಿಂಬದಿಯಲ್ಲೇ ಬರೆದುಕೊಂಡರು. ಎಕೋ ಗುರುವಾರ ಬೆಳಗ್ಗೆ ಎಂದು ಗೊತ್ತಾಯಿತು.

ಈ ತಿಂಗಳು ನಿಮ್ಮ ಮನೆಯಲ್ಲಿ ಹೆರಿಗೆ ಇದ್ದರೆ ಒಂದು ವಿನಂತಿ. ಡಿಸ್ಚಾರ್ಜ್‌ ಬರೆಸುವ ಮುನ್ನ, ಮಗುವಿನ ಬಲಗೈ ಮತ್ತು ಕಾಲಿನ ಆಮ್ಲಜನಕದ ಮಟ್ಟ ನೋಡಿದ್ದೀರಾ ಎಂದು ನರ್ಸಮ್ಮನನ್ನು ಕೇಳಿ. ನೋಡಿಲ್ಲವೆಂದರೆ ನೋಡಲು ಹೇಳಿ, ಕೆಲವೇ ನಿಮಿಷದ ಕೆಲಸ. ಆ ಎರಡು ಅಂಕಿಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಮನೆಗೆ ಹೊರಡಿ.